ಮೀಸೆ ಇರುವ ಆಲೂಗಡ್ಡೆ

“ಇದು ಆಲೂಗಡ್ಡೆನಾ?” ಎಂದು ಗುಂಡ ಕೇಳಿದ.

ಚಿಟಿಕೆ ಪೆನ್ಸಿಲ್ ಕೆಳಗಿಟ್ಟು ತಮ್ಮನನ್ನು ದುರುಗುಟ್ಟಿ ನೋಡಿದಳು. ಗುಂಡನಿಗೆ ಐದು ವರ್ಷ. ಅವನು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ. ಮೈ ಉರಿಯುವುದು ಅದಕ್ಕೇ.

“ಆಲೂಗಡ್ಡೆಗೆ ಮೀಸೆ ಇರುತ್ತೇನೋ?”

ಗುಂಡ ಇನ್ನೂ ಬಗ್ಗಿ ನೋಡಿದ. “ಹಾಗಾದ್ರೆ ಇದು ಮೀಸೆ ಇರೋ ಆಲೂಗಡ್ಡೆ,” ಎಂದು ತೀರ್ಪು ಕೊಟ್ಟು ಆಡಲು ಹೊರಟುಹೋದ.

ಅದು ಆಲೂಗಡ್ಡೆ ಆಗಿರಲಿಲ್ಲ. ಸ್ಕೂಲ್ ಬಸ್ಸಿನ ಡ್ರೈವರ್ ಮಾಮ ಆಗಿದ್ದರು. ಆಗಬೇಕಿತ್ತು, ಅಷ್ಟೇ.

ಚಿಟಿಕೆ ಹುಟ್ಟಿದಾಗ ಚಿಟಿಕೆಯಷ್ಟೇ ಇದ್ದಳಂತೆ. ಆಗ ಅಂಟಿಕೊಂಡ ಹೆಸರು. ಈಗ ಅವಳಿಗೆ ಹತ್ತು ವರ್ಷ, ಅಮ್ಮನ ಚಪ್ಪಲಿ ಹೆಚ್ಚುಕಡಿಮೆ ಕಾಲಿಗೆ ಹಿಡಿಸುತ್ತದೆ. ಹೆಸರು ಮಾತ್ರ ಬೆಳೆಯಲೇ ಇಲ್ಲ.

ಡ್ರೈವರ್ ಮಾಮ ಈ ಶನಿವಾರ ರಿಟೈರ್ ಆಗುತ್ತಿದ್ದರು. ಬಸ್ಸಿನ ಮೂವತ್ತೊಂದು ಮಕ್ಕಳೂ ಸೇರಿ ಅವರಿಗೆ ಒಂದು ದೊಡ್ಡ ಚಿತ್ರ ಕೊಡಬೇಕು, ಅದರ ಕೆಳಗೆ ಎಲ್ಲರೂ ಸೈನ್ ಮಾಡಬೇಕು ಎಂದು ತೀರ್ಮಾನವಾಗಿತ್ತು. ಚಿತ್ರ ಯಾರು ಬಿಡಿಸಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಏಳನೇ ಕ್ಲಾಸಿನ ಲೀಡರ್ ಅಕ್ಕ ದೊಡ್ಡ ಡ್ರಾಯಿಂಗ್ ಶೀಟನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸೀದಾ ತಂದು ಚಿಟಿಕೆಯ ತೊಡೆಯ ಮೇಲಿಟ್ಟಿದ್ದಳು. “ನಮ್ಮ ಬಸ್ಸಲ್ಲೇ ಆರ್ಟಿಸ್ಟ್ ಇರೋವಾಗ ಏನು ಯೋಚನೆ!” ಎಂದಿದ್ದಳು.

ಅದು ಸೋಮವಾರದ ಮಾತು. ಇವತ್ತು ಶುಕ್ರವಾರ. ಆ ಶೀಟ್ ಮಂಚದ ಮೇಲೆ ಹಾಗೇ ಬಿಳುಚಿಕೊಂಡು ಮಲಗಿತ್ತು.

ಆರ್ಟಿಸ್ಟ್ ಎಂಬ ಬಿರುದು ಬಂದದ್ದು ಹೋದ ವರ್ಷ. ಸ್ಕೂಲಿನ ಕಾಂಪಿಟಿಷನ್ನಿನಲ್ಲಿ ಅವಳು ಬಿಡಿಸಿದ ಕೆರೆಯ ಚಿತ್ರಕ್ಕೆ ಫಸ್ಟ್ ಪ್ರೈಜ್ ಬಂದಿತ್ತು. “ಆಹಾ, ಆ ಆಕಾಶ ನೋಡಿ!” ಎಂದು ಟೀಚರ್‌ಗಳೆಲ್ಲ ಬಾಯಿ ಚಪ್ಪರಿಸಿದ್ದರು. ಅಮ್ಮ ಅದಕ್ಕೆ ಫ್ರೇಮ್ ಹಾಕಿಸಿ, ಬಂದವರೆಲ್ಲ ನೋಡಲೇಬೇಕಾದ ಜಾಗದಲ್ಲಿ ಮೊಳೆ ಹೊಡೆದಿದ್ದಳು.

ಅಂದಿನಿಂದ ಚಿಟಿಕೆ ಒಂದು ಚಿತ್ರವನ್ನೂ ಮುಗಿಸಿರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ನಿನ್ನೆ ಬಸ್ಸಿನಲ್ಲಿ, ಎಲ್ಲರೂ ಗುಡುಗು ಎಂದೇ ಕರೆಯುವ ಹುಡುಗ ಕೇಳಿದ್ದ, “ಎಲ್ಲೀವರೆಗೂ ಬಂತು ಚಿತ್ರ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸೋಣ.” ಗುಡುಗು ಆರನೇ ಕ್ಲಾಸಿನವನು. ಕೊನೇ ಸೀಟಿನಲ್ಲಿ ಕೂತು ಪಿಸುಗುಟ್ಟಿದರೂ ಮೊದಲ ಸೀಟಿಗೆ ಕೇಳಿಸುತ್ತದೆ.

“ಅರ್ಧ ಆಗಿದೆ,” ಎಂದುಬಿಟ್ಟಿದ್ದಳು ಚಿಟಿಕೆ.

ಬಾಯಿ ಜಾರಿ ಬಂದ ಸುಳ್ಳು. ಈಗ ಅದನ್ನು ನಿಜ ಮಾಡಲು ಒಂದೇ ಸಂಜೆ ಉಳಿದಿತ್ತು. ನಾಳೆ ಬೆಳಿಗ್ಗೆ ಶೀಟ್ ಖಾಲಿಯಾಗಿದ್ದರೆ ಡ್ರೈವರ್ ಮಾಮನ ಕೈಗೆ ಕೊಡಲು ಮೂವತ್ತೊಂದು ಮಕ್ಕಳ ಬಳಿಯೂ ಏನೂ ಇರುವುದಿಲ್ಲ. ಅದಕ್ಕೆ ಕಾರಣ ಅವಳೊಬ್ಬಳೇ.

“ಅಮ್ಮಾ, ಈ ಪೆನ್ಸಿಲ್ ಸರಿ ಇಲ್ಲ!”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ,” ಎಂದಳು ಅಡುಗೆಮನೆಯಿಂದ ಅಮ್ಮ. ಆಮೇಲೆ ಹೊರಗೆ ಬಂದು ಮಗಳ ಊದಿದ ಮುಖವನ್ನೂ, ನೆಲದ ಮೇಲೆ ಉಂಡೆಯಾಗಿ ಬಿದ್ದ ಹದಿನೆಂಟು ಹಾಳೆಗಳನ್ನೂ ನೋಡಿದಳು. “ಏಳು, ಸ್ವಲ್ಪ ಗಾಳಿಗೆ ಹೋಗು. ನಿನ್ನ ಚಿಕ್ಕಮ್ಮ ಕನ್ನಡಕ ಇಲ್ಲೇ ಬಿಟ್ಟು ಕೆಲಸಕ್ಕೆ ಹೋಗಿದಾಳೆ. ಕೊಟ್ಟು ಬಾ. ಇಲ್ಲದಿದ್ರೆ ಯಾರದೋ ಬರ್ತ್‌ಡೇ ಕೇಕ್ ಮೇಲೆ ಗುಲಾಬಿ ಬದಲು ಎಲೆಕೋಸು ಕೂತಿರುತ್ತೆ.”

ಚಿಕ್ಕಮ್ಮ ಬೀದಿಯ ಕೊನೆಯ ಬೇಕರಿಯಲ್ಲಿ ಕೇಕಿಗೆ ಕ್ರೀಮಿನ ಅಲಂಕಾರ ಮಾಡುತ್ತಿದ್ದಳು. ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಅವಳ ಕೇಕುಗಳನ್ನು ನೋಡಿದವರು ಒಂದು ಕ್ಷಣ ನಿಂತೇ ಮುಂದೆ ಹೋಗುವುದು. ಚಿಟಿಕೆ ಪಕ್ಕದ ಓಣಿಯಿಂದ ಹಿಂದಿನ ಕೋಣೆಗೆ ಹೋದಳು. ಅಲ್ಲಿ ಬಿಸಿ ಬ್ರೆಡ್ಡಿನ ವಾಸನೆ, ಒದ್ದೆ ನೆಲ, ಉದ್ದನೆಯ ಮೇಜು. ಮೇಜಿನ ಮೇಲೆ ಬಿಳಿ ಬಿಳಿಯಾಗಿ, ಇನ್ನೂ ಒಂದು ಹೂವೂ ಇಲ್ಲದ ಕೇಕ್ ಕೂತಿತ್ತು. ಅದನ್ನು ನೋಡಿದ್ದೇ ಚಿಟಿಕೆಗೆ ತನ್ನ ಶೀಟ್ ನೆನಪಾಗಿ ಮತ್ತೆ ಸಂಕಟವಾಯಿತು.

ಚಿಕ್ಕಮ್ಮ ಕೇಕಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೇಕ್ ಬೇಯಿಸುವ ಒಂದು ಟಿನ್ನನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಕ್ರೀಮಿನ ಗುಲಾಬಿ ಹಾಕುತ್ತಿದ್ದಳು. ಒಂದು ಗುಲಾಬಿ ಸೊಟ್ಟ. ಒಂದು ಚಪ್ಪಟೆ. ಇನ್ನೊಂದು ಯಾರೋ ಮೇಲೆ ಕೂತು ಎದ್ದು ಹೋದ ಹಾಗಿತ್ತು.

“ಅಮ್ಮ ಹೇಳಿದ್ದು ನಿಜ. ಎಲೆಕೋಸು!” ಎಂದು ನಗುತ್ತ ಚಿಟಿಕೆ ಕನ್ನಡಕ ಚಾಚಿದಳು.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಇನ್ನೊಂದು ಗುಲಾಬಿ ಹಾಕಿದಳು. ಅದೂ ಎಲೆಕೋಸೇ. “ನೋಡ್ದ್ಯಾ? ಪಾಪ, ಕನ್ನಡಕದ ತಪ್ಪಲ್ಲ,” ಎಂದಳು. ಚಪ್ಪಟೆ ಚಾಕುವಿನಿಂದ ಅಷ್ಟನ್ನೂ ಬಳಿದು ಬೋಗುಣಿಗೆ ಹಾಕಿ, ಕ್ರೀಮನ್ನು ಮತ್ತೆ ಹಿಂಡುವ ಕೋನಿಗೆ ತುಂಬಿ, ಮತ್ತೆ ಅದೇ ಟಿನ್ನಿನ ಬೆನ್ನ ಮೇಲೆ ಶುರುಮಾಡಿದಳು.

ಚಿಟಿಕೆಯ ನಗು ನಿಂತಿತು. “ಚಿಕ್ಕಮ್ಮಾ, ನಿನಗೂ ಕೆಟ್ಟದಾಗಿ ಬರುತ್ತಾ?”

“ದಿನಾ ಬರುತ್ತೆ.”

“ದಿನಾನಾ?”

“ಹದಿನಾಲ್ಕು ವರ್ಷದಿಂದ. ಭಾನುವಾರ ಮಾತ್ರ ಬರಲ್ಲ, ಅವತ್ತು ರಜ. ಮೊದಲ ಹತ್ತು ಹೂವು ಯಾವತ್ತೂ ಟಿನ್ನಿಗೇ. ನೇರ ಕೇಕಿಗೆ ಕೈ ಹಾಕಿದ್ರೆ ನನ್ನ ಕೈ ನಡುಗುತ್ತೆ ಕಣೇ.”

ಗಾಜಿನ ಪೆಟ್ಟಿಗೆಯಲ್ಲಿ ಎಲೆಕೋಸು ಒಂದನ್ನೂ ಚಿಟಿಕೆ ನೋಡಿರಲಿಲ್ಲ. ಇದೆಲ್ಲ ಹಿಂದಿನ ಕೋಣೆಯ ಗುಟ್ಟು. ಗುಟ್ಟು ಕಂಡರೆ ಗುಟ್ಟು ಹೇಳಬೇಕು ಅನ್ನಿಸುತ್ತದಲ್ಲ, ಹಾಗೆ ಅವಳ ಬಾಯಿಯೂ ತೆರೆದುಕೊಂಡಿತು.

“ಚಿಕ್ಕಮ್ಮಾ, ಯಾರಿಗೂ ಹೇಳ್ಬೇಡ. ಹೋದ ವರ್ಷದ ಪ್ರೈಜ್ ಇದೆಯಲ್ಲ, ಆ ಆಕಾಶ... ಅದು ನಾನು ಬಿಡಿಸಿದ್ದಲ್ಲ.”

“ಮತ್ತೆ ಯಾರು?”

“ಯಾರೂ ಅಲ್ಲ. ಬ್ರಷ್ ತೊಳೆಯೋ ಲೋಟ. ಮೊಣಕೈ ತಾಗಿ ನೀರು ಚೆಲ್ಲಿಹೋಯ್ತು. ನೀಲಿ ಬಣ್ಣ ತಾನೇ ತಾನಾಗಿ ಹರಡ್ಕೊಳ್ತು. ಎಲ್ರೂ ಆಕಾಶ ಆಕಾಶ ಅಂತಾರೆ. ನನಗೆ ಏನೂ ಬರಲ್ಲ ಚಿಕ್ಕಮ್ಮ.” ಒಂದು ವರ್ಷ ಒಳಗಿಟ್ಟುಕೊಂಡ ಮಾತು, ಹೊರಗೆ ಬರುವಾಗ ನೋಯಿಸುತ್ತಲೇ ಬಂತು.

ಚಿಕ್ಕಮ್ಮ ಮುದ್ದು ಮಾಡಲಿಲ್ಲ. ಅವಳ ಕೈ ತುಂಬ ಕ್ರೀಮಿತ್ತು. “ಚೆಲ್ಲಿದ ಮೇಲೆ ಏನ್ ಮಾಡ್ದೆ?” ಎಂದು ಕೇಳಿದಳು.

“ಒರೆಸೋಕೆ ಬಟ್ಟೆ ತಗೊಂಡೆ.”

“ಒರೆಸಿದ್ಯಾ?”

“ಇಲ್ಲ... ಚೆನ್ನಾಗಿ ಕಾಣ್ತಿತ್ತು. ಪೇಪರನ್ನ ಸ್ವಲ್ಪ ಓರೆಯಾಗಿ ಎತ್ತಿ ಹಿಡ್ಕೊಂಡೆ. ನೀರು ಈ ಕಡೆ ಹರೀಲಿ, ಮೋಡ ದೊಡ್ಡದಾಗ್ಲಿ ಅಂತ.”

“ಓಹೋ. ಪೇಪರನ್ನ ಎತ್ತಿ ಹಿಡ್ಕೊಂಡಿದ್ದೂ ಆ ಲೋಟವೇನಾ? ಒಳ್ಳೇ ಲೋಟ ಕಣೆ. ನಮ್ಮ ಬೇಕರಿಗೆ ಕಳಿಸಿಕೊಡು, ಕೆಲಸ ಕೊಡಿಸ್ತೀನಿ.”

ಚಿಟಿಕೆಗೆ ಅಳು ಬರುತ್ತಿತ್ತು. ಆದರೆ ಲೋಟ ಟೋಪಿ ಹಾಕಿಕೊಂಡು ಕೆಲಸಕ್ಕೆ ನಿಂತದ್ದು ಕಣ್ಣಿಗೆ ಕಟ್ಟಿ, ಅಳುವ ಬದಲು ಮೂಗಿನಿಂದ ನಗು ಹಾರಿತು.

ಚಿಕ್ಕಮ್ಮ ಇನ್ನೊಂದು ಟಿನ್ ಬೋರಲು ಹಾಕಿ, ಒಂದು ಪುಟ್ಟ ಕೋನನ್ನು ಅವಳ ಕೈಗಿಟ್ಟಳು. “ತಗೋ. ನೀನೂ ಒಂದಿಷ್ಟು ಕೆಟ್ಟದಾಗಿ ಬಿಡಿಸು. ಚೆನ್ನಾಗಿ ಬಂತೋ, ಬೈತೀನಿ.”

ಕೆಟ್ಟದಾಗಿ ಬಿಡಿಸುವುದೇನು ಮಹಾ ಕಷ್ಟ! ಚಿಟಿಕೆ ಒತ್ತಿದಳು. ಡ್ರೈವರ್ ಮಾಮನ ಮುಖ ಹಾಕಿದಳು. ಆಲೂಗಡ್ಡೆ. ಬಳಿದಳು. ಮತ್ತೆ ಹಾಕಿದಳು. ಈ ಸಲ ಬದನೆಕಾಯಿ. ಬಳಿದಳು. ಬಳಿದ ಚಾಕುವನ್ನು ನೆಕ್ಕಲು ಹೋಗಿ ಬೈಸಿಕೊಂಡಳು. ಉಂಡೆ ಮಾಡಿ ಎಸೆಯಲು ಹಾಳೆ ಇರಲಿಲ್ಲ, ನೋಡಿ ತೀರ್ಪು ಕೊಡಲು ಗುಂಡ ಇರಲಿಲ್ಲ. ಐದನೆಯ ತರಕಾರಿ ಮುಗಿಯುವ ಹೊತ್ತಿಗೆ ಅವಳ ಭುಜ ಸಡಿಲವಾಗಿತ್ತು.

“ಯಾರಿದು?” ಎಂದಳು ಚಿಕ್ಕಮ್ಮ, ತನ್ನ ಕೆಲಸದಿಂದ ಕಣ್ಣೆತ್ತದೆ.

“ಡ್ರೈವರ್ ಮಾಮ. ಲೀಡರ್ ಅಕ್ಕ ಫೋಟೋ ಕೊಟ್ಟಿದಾಳೆ. ಆದ್ರೆ ಫೋಟೋದಲ್ಲಿ ಅವರು ಅವರ ಥರಾನೇ ಇಲ್ಲ. ಕಂಬದ ಹಾಗೆ ನಿಂತಿದಾರೆ.”

“ಫೋಟೋ ಬಿಡು. ಅವರ ಮೂಗು ಹೇಗಿದೆ? ಉದ್ದವೋ, ದಪ್ಪವೋ?”

ಚಿಟಿಕೆ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಮೂಗು ಬರಲೇ ಇಲ್ಲ.

“ಐದು ವರ್ಷದಿಂದ ದಿನಾ ಎರಡು ಹೊತ್ತು ನೋಡ್ತೀಯಲ್ಲೇ!”

“ನೋಡ್ತೀನಿ. ಆದ್ರೆ ಹಿಂದಿನಿಂದ,” ಎಂದಳು ಚಿಟಿಕೆ. ಹೇಳಿದ ಮೇಲೆ ತಾನೇ ಬೆಚ್ಚಿದಳು.

ಹೌದಲ್ಲ! ಅವಳ ಸೀಟು ಮೂರನೆಯ ಸಾಲು. ಅಲ್ಲಿಂದ ಕಾಣುವುದು ಬೋಳು ತಲೆಯ ಹಿಂಭಾಗ. ಅದರ ಕೆಳಗೆ ಮೂರು ಮಡಿಕೆ ಬಿದ್ದ ಕುತ್ತಿಗೆ. ಎರಡು ಭಾರೀ ಕಿವಿ, ಬೆಳಗಿನ ಬಿಸಿಲು ಬಿದ್ದರೆ ಕೆಂಪಾಗುವಂಥವು. ಬಲಗಿವಿಯ ಮೇಲೆ ಹಾಜರಿ ಗುರುತು ಹಾಕುವ ಮೋಟು ಪೆನ್ಸಿಲ್. ಮತ್ತೆ ಮೇಲೆ, ಉದ್ದನೆಯ ಕನ್ನಡಿಯಲ್ಲಿ, ಎರಡು ಕಣ್ಣು. ಗಲಾಟೆ ಹೆಚ್ಚಾದರೆ ಅದರಲ್ಲಿ ಒಂದು ಹುಬ್ಬು ಮೇಲೇರುತ್ತದೆ. ಡ್ರೈವರ್ ಮಾಮ ಎಂದೂ ಬೈದವರಲ್ಲ, ಆ ಹುಬ್ಬು ಏರಿಸುತ್ತಿದ್ದರು ಅಷ್ಟೇ. ಬಸ್ಸಿಗೆ ಬಸ್ಸೇ ಗಪ್‌ಚಿಪ್.

ಅವಳ ಕೈ ಆಗಲೇ ಟಿನ್ನಿನ ಮೇಲೆ ಓಡುತ್ತಿತ್ತು. ಗುಂಡನೆಯ ತಲೆ, ಎರಡು ಕಿವಿ, ಮೇಲೊಂದು ಉದ್ದ ಕನ್ನಡಿ. ಒಂದು ಕಿವಿ ಜಾಸ್ತಿಯೇ ದೊಡ್ಡದಾಯಿತು. ಆದರೂ ಅದು ಆಲೂಗಡ್ಡೆಯಲ್ಲ, ಯಾರು ನೋಡಿದರೂ ಆಲೂಗಡ್ಡೆ ಎನ್ನುವ ಹಾಗಿರಲಿಲ್ಲ.

“ಚಿಕ್ಕಮ್ಮಾ, ನಾನು ಮನೆಗೆ ಹೋಗ್ತೀನಿ!”

“ಕೈ ತೊಳ್ಕೊಂಡು ಹೋಗೇ!” ಎಂದು ಚಿಕ್ಕಮ್ಮ ಕೂಗುವಷ್ಟರಲ್ಲಿ ಅವಳು ಓಣಿ ದಾಟಿಯಾಗಿತ್ತು. ಮನೆಯ ಬಾಗಿಲ ಹಿಡಿಗೆ ಮಾರನೆಯ ದಿನವೂ ಕ್ರೀಮು ಅಂಟಿಕೊಂಡಿತ್ತು.

ಶನಿವಾರ ಬೆಳಿಗ್ಗೆ ಸ್ಕೂಲ್ ಗೇಟಿನ ಒಳಗೆ ಬಸ್ಸಿನ ಮಕ್ಕಳೆಲ್ಲ ಮುತ್ತಿಕೊಂಡರು. ಲೀಡರ್ ಅಕ್ಕ ಕಟ್ಟೆಯ ಮೇಲೆ ಶೀಟನ್ನು ಬಿಚ್ಚಿ ಹರಡಿದಳು. ಎಲ್ಲರೂ ಬಗ್ಗಿ ನೋಡಿದರು. ಚಿಟಿಕೆಗೆ ಆ ಒಂದು ಕ್ಷಣ ಒಂದು ಪೀರಿಯಡ್ಡಿನಷ್ಟು ಉದ್ದವಾಗಿತ್ತು.

“ಮುಖ ಎಲ್ಲೇ?” ಎಂದಳು ಲೀಡರ್ ಅಕ್ಕ.

“ಬೆನ್ನು ಬಿಡಿಸಿದಾಳೆ! ಬೆನ್ನು!” ಎಂದ ಗುಡುಗು. “ನಾನು ಆಗ್ಲೇ ಹೇಳಿದ್ದೆ, ಪ್ರಿಂಟ್ ಹಾಕಿಸೋ—”

ಅವನ ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ಕನ್ನಡಿಯ ಮೇಲೆ ಬಿದ್ದಿತ್ತು. ಕನ್ನಡಿಯಲ್ಲಿ ಎರಡು ಕಣ್ಣು, ಮೇಲೇರಿದ ಒಂದು ಹುಬ್ಬು. ಗುಡುಗು ಕಟ್ಟೆಯ ಮೇಲಿಟ್ಟಿದ್ದ ಕಾಲನ್ನು ಮೆಲ್ಲಗೆ ಕೆಳಗಿಳಿಸಿದ. ಅವನಿಗೇ ಗೊತ್ತಿಲ್ಲದೆ ಇಳಿಸಿದ. ಅದನ್ನು ನೋಡಿ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕೊನೆಗೆ ಗುಡುಗೂ ನಕ್ಕ.

“ಅಯ್ಯೋ, ಪೆನ್ಸಿಲ್ ನೋಡ್ರೋ!”

“ಕುತ್ತಿಗೆ ಮಡಿಕೆ ನೋಡು, ಮೂರೂ ಇದೆ!”

ಸೈನ್ ಮಾಡಲು ನೂಕುನುಗ್ಗಲಾಯಿತು.

ಮಧ್ಯಾಹ್ನ ಬಸ್ಸು ಹೊರಡುವ ಮುಂಚೆ ಚಿತ್ರವನ್ನು ಡ್ರೈವರ್ ಮಾಮನ ಕೈಗೆ ಕೊಟ್ಟರು. ಅವರು ಸೀಟಿನಿಂದ ಹಿಂದಕ್ಕೆ ತಿರುಗಿ ಕೂತು ನೋಡಿದರು. ತುಂಬ ಹೊತ್ತು ನೋಡಿದರು.

“ನನ್ನ ಕಿವಿ ಇಷ್ಟು ದೊಡ್ಡದೇನ್ರೋ?”

“ಹೌದು ಮಾಮಾ!” ಎಂದು ಬಸ್ಸೇ ಕೂಗಿತು.

ಅವರು ಕಿವಿ ಮುಟ್ಟಿ ನೋಡಿಕೊಂಡರು. ಆಮೇಲೆ ಚಿತ್ರದ ಕನ್ನಡಿಯ ಮೇಲೆ ಬೆರಳಿಟ್ಟರು. “ಇದರಲ್ಲಿ ನಿಮಗೆ ನನ್ನ ಕಣ್ಣು ಕಾಣ್ತಿತ್ತಾ? ಭೇಷ್. ಇಷ್ಟು ವರ್ಷ ನನಗೆ ಕಾಣ್ತಿದ್ದಿದ್ದೇ ಬೇರೆ.”

“ಏನು ಮಾಮಾ?” ಎಂದಳು ಚಿಟಿಕೆ.

“ನೀವೇ. ಅಲ್ಲಿಂದ ಇಲ್ಲಿವರೆಗೂ. ಒಬ್ಬ ನಿದ್ದೆ, ಒಬ್ಬಳು ಕಿಟಕಿ, ಒಬ್ಬ ಜಗಳ. ದಿನಾ ಅದೇ ನೋಡ್ಕೊಂಡು ಓಡಿಸ್ತಿದ್ದೆ.” ಅವರು ಚಿತ್ರವನ್ನು ಮತ್ತೆ ಸುರುಳಿ ಸುತ್ತಿದರು. “ಸೋಮವಾರದಿಂದ ಅದನ್ನ ನೋಡೋಕೆ ಎಲ್ಲಿಗೆ ಹೋಗ್ಲಿ?”



“ನಾನು ಬಿಡಿಸಿಕೊಡ್ತೀನಿ ಮಾಮಾ,” ಎಂಬ ದನಿ ಕೇಳಿತು. ಯಾರು ಎಂದು ಎಲ್ಲರೂ ತಿರುಗಿ ನೋಡಿದರು. ಚಿಟಿಕೆಯೂ ತಿರುಗಿ ನೋಡುವವಳಿದ್ದಳು, ಅಷ್ಟರಲ್ಲಿ ಅದು ತನ್ನದೇ ದನಿ ಎಂದು ಗೊತ್ತಾಯಿತು.

ಬಸ್ಸು ಹೊರಟಿತು. ಚಿಟಿಕೆ ಕಿಟಕಿಯ ಕಡೆ ನೋಡಲಿಲ್ಲ. ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ತಿರುಗಿ, ಒಂದೊಂದೇ ಮುಖವನ್ನು ನೋಡುತ್ತ ಬಂದಳು. ಗುಡುಗಿನ ಮೂಗು ಉದ್ದ. ಲೀಡರ್ ಅಕ್ಕನದು ತುದಿಯಲ್ಲಿ ದುಂಡಗೆ. ತನ್ನದೂ ಸೇರಿ ಮೂವತ್ತೊಂದು ಮೂಗು, ಅರವತ್ತೆರಡು ಕಣ್ಣು! ಅರ್ಧ ದಾರಿ ಬಂದ ಮೇಲೆ, ಇದೆಲ್ಲ ತನಗೆ ಬರುತ್ತದೋ ಇಲ್ಲವೋ ಎಂದು ಯೋಚಿಸುವುದನ್ನೇ ಮರೆತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಅದನ್ನು ಆಮೇಲೆ ಯೋಚಿಸಿದರಾಯಿತು.

“ಏ ಗುಡುಗು, ಅಲ್ಲಾಡಬೇಡ,” ಎಂದಳು. “ಕಿವಿ ನೋಡ್ತಿದೀನಿ.”