ಎಲ್ಲರನ್ನೂ ಕೇಳಿದ ಊಟ

"ಊಟ ಆಯ್ತಾ ಅಂತ ದಿನಾ ಕೇಳ್ತಿದ್ದದ್ದು ನಾನಲ್ಲ, ಕಂಪ್ಯೂಟರ್."

ಹೊನ್ನಾಳಿಯ ಸಭಾಂಗಣದಲ್ಲಿ ಗುರುಬಸವರಾಜ್ ಹೀಗೆಂದಾಗ ಸಂಘಮಿತ್ರಾ ತನ್ನ ಮೊಬೈಲಿಗೆ ಬಂದಿದ್ದ ಅವನ ಸಂದೇಶಗಳನ್ನು ಮತ್ತೆ ತೆರೆದು ನೋಡಿದಳು.

ಅವನು ಅದೇ ಊರಿನ ಸಂಶೋಧಕ. ಹೊಲಿಗೆ ಅಂಗಡಿಯ ಹೆಂಗಸರಿಗೆಂದು ಆರ್ಡರ್ ಬರೆದಿಡುವ ಆ್ಯಪ್ ತಂದಿದ್ದ. ನ್ಯಾಮತಿಯ ಅವಳ ಅಂಗಡಿಗೂ ಬಂದು, ಮೊಬೈಲಿಗೆ ಹಾಕಿಕೊಟ್ಟು, ಚಹಾ ಕುಡಿದು, ನಕ್ಕು ಹೋಗಿದ್ದ. ಇಂದು ಪ್ರಯೋಗ ಮುಗಿದಿತ್ತು. ಮುಗಿದ ಮೇಲೆ ಭಾಗವಹಿಸಿದವರಿಗೆಲ್ಲ ನಿಜ ಹೇಳಲೇಬೇಕಂತೆ. ಹೇಳಿದ.

ಅರ್ಧ ಜನರಿಗೆ ಬರೀ 'ಆರ್ಡರ್ ಬರೆಯಿರಿ' ಎಂಬ ಸಂದೇಶ. ಉಳಿದವರಿಗೆ ಅವನ ಹೆಸರಿನಲ್ಲಿ ಅಕ್ಕರೆಯ ಮಾತು. ಯಾವುದರಿಂದ ಆ್ಯಪ್ ಬಳಕೆ ಹೆಚ್ಚುತ್ತದೆಂದು ನೋಡಬೇಕಿತ್ತು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿದ್ದರು.

ಚೀಟಿ ಎತ್ತಿ!

ಪಕ್ಕದಲ್ಲಿದ್ದ ಚನ್ನಗಿರಿಯ ಟೈಲರ್ ಜ್ಯೋತಿಲಕ್ಷ್ಮಿ ತನ್ನ ಮೊಬೈಲ್ ತೋರಿಸಿ ನಕ್ಕಳು. 'ಕಣ್ಣಿಗೆ ಆಯಾಸ ಮಾಡ್ಕೋಬೇಡಿ. ಊಟ ಆಯ್ತಾ?' ಅದೇ ಮಾತು... ಒಂದಕ್ಷರವೂ ಬೇರೆಯಿರಲಿಲ್ಲ.

ಸಂಘಮಿತ್ರಾಳಿಗೆ ನಗು ಬರಲಿಲ್ಲ. ಈ ಮಾತನ್ನು ನಂಬಿಯೇ ಅಲ್ಲವೇ, ಜಗಳೂರಿನಿಂದ ಬಂದ ಒಳ್ಳೆಯ ಸಂಬಂಧವನ್ನು ಬೇಡವೆಂದದ್ದು? ಅವ್ವನಿಂದ ಬೈಸಿಕೊಂಡದ್ದು? ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಅಳುವೂ ಬಂತು.

ಚಪ್ಪಲಿ ಮೆಟ್ಟಿ ಹೊರಟಳು. ಬಸ್ ನಿಲ್ದಾಣದ ತನಕ ಅವನು ಹಿಂದೆಯೇ ಬಂದ. ಅವನ ಹಿಂದೆ ಕುತೂಹಲ ತಡೆಯದ ಜ್ಯೋತಿಲಕ್ಷ್ಮಿಯೂ ಬಂದಳು.

"ನಿಮ್ಮ ಪ್ರಯೋಗ ಗೆದ್ದಂಗಾತಲ್ರೀ. ಒಬ್ಳು ಚೆನ್ನಾಗಿ ಮೋಸ ಹೋದ್ಲು ಅಂತ ಬರ್ಕೊಳ್ರಿ."

"ನೀವು ಅದ್ರಾಗೆ ಇಲ್ಲ. ನಿಮ್ಮ ಹೆಸರು ತೆಗ್ಸೀನಿ."

"ಯಾಕೆ?"

"ನೀವು ಬರ್ದಿದ್ದಕ್ಕೆ ಕಂಪ್ಯೂಟರ್ ಕೊಡಬೇಕಾಗಿದ್ದ ಉತ್ತರಾನ ನಾನೇ ಬರ್ದೆ. ಪ್ರಯೋಗದಾಗೆ ಹಂಗೆ ಮಾಡಂಗಿಲ್ಲ. ಮದುವೆ ರವಿಕೆ ತೋಳು ತಪ್ಪಿ ಕತ್ತರಿಸಿಬಿಟ್ಟೆ ಅಂತ ಬರ್ದಿದ್ರಲ್ಲ, ಅವತ್ತಿಂದ..."

ಅವಳಿಗೆ ನೆನಪಿತ್ತು. 'ನಮ್ಮವ್ವನ್ನ ಕೇಳಿದೆ. ತೋಳಿಗೆ ಜರಿ ಪಟ್ಟಿ ಹಚ್ಚಿದ್ರೆ ಗೊತ್ತಾಗಲ್ವಂತೆ.' ಅದನ್ನೋದಿಯೇ ಅವಳು ಕಣ್ಣೊರೆಸಿಕೊಂಡು ರವಿಕೆ ಉಳಿಸಿದ್ದು.

ಇಂಥ ಉತ್ತರ ನಿಮಗೂ ಬಂದಿತ್ತೇ ಎಂದು ಜ್ಯೋತಿಲಕ್ಷ್ಮಿಯನ್ನು ಕೇಳಿದಳು. ಎಲ್ಲಿಯದು, ಹೊಲಿಗೆ ಮಿಷನ್ ಕೆಟ್ಟಿದೆಯೆಂದು ಬರೆದರೆ 'ತುಂಬಾ ಸಂತೋಷ, ಶುಭದಿನ' ಎಂದು ಬಂದಿತ್ತೆಂದು ಆಕೆ ಗೊಣಗಿದಳು.

ಸಂಘಮಿತ್ರಾ ಅವನತ್ತ ತಿರುಗಿದಳು. ಹಾಗಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ?

"ಪ್ರಯೋಗ ಕೆಡಬಾರ್ದು ಅಂತ ಸುಮ್ನಿದ್ದೆ," ಎಂದು ಅವನು ತಲೆ ತಗ್ಗಿಸಿದ. "ನಿಮ್ಮ ಮನಸ್ಸು ಕೆಡ್ತತೆ ಅಂತ ಯೋಚ್ನೆ ಮಾಡ್ಲಿಲ್ಲ. ತಪ್ಪಾತು."

ನ್ಯಾಮತಿಯ ಬಸ್ಸು ಬಂತು. ಹತ್ತಿ ಕಿಟಕಿಯ ಬಳಿ ಕೂತವಳು, ಅವನ ಕಣ್ಣೆದುರೇ ಆ್ಯಪನ್ನು ಅಳಿಸಿಹಾಕಿದಳು.

"ಇನ್ನು ಏನರ ಕೇಳೋದಿದ್ರೆ ಎದುರಿಗೆ ನಿಂತು ಕೇಳ್ರಿ."

ಅವನು ಕಿಟಕಿಯ ಸರಳು ಹಿಡಿದ. "ಊಟ ಆಯ್ತಾ, ಸಂಘಮಿತ್ರಾ?"

"ಇದನ್ನ ಇನ್ನೆಷ್ಟು ಜನಕ್ಕೆ ಕೇಳ್ತೀರಿ?"

"ನಿಮ್ಮೊಬ್ರಿಗೇ."

ಅವಳು ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಆಗಿಲ್ಲ. ಹತ್ರಿ... ಜಗಳೂರಿನ ಸಂಬಂಧ ಯಾಕೆ ಬ್ಯಾಡ ಅಂದೆ ಅಂತ ಅವ್ವ ಇನ್ನೂ ಕೇಳ್ತಾಳೆ. ನೀವೇ ಬಂದು ಹೇಳ್ರಿ."