ಬರೋದೆಂತಕ್ಕೆ, ಅಲ್ಲಿಂದ್ಲೇ ಮಾಡಿ

ಮೊದಲೆಲ್ಲ ಜನ ಹೂವಯ್ಯನನ್ನು ಮನೆಗೇ ಕರೆಯುತ್ತಿದ್ದರು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತಿ ಸಾಗರಕ್ಕೆ ಹೋದರೆ, ಒಂದು ಕಂಪ್ಯೂಟರ್ ರಿಪೇರಿಯ ಜೊತೆಗೆ ಕಾಫಿ, ಹರಟೆ, ಊಟದ ಒತ್ತಾಯ. ಒಂಟಿ ಜೀವಕ್ಕೆ ಅಷ್ಟು ಸಾಕಿತ್ತು. ಆಮೇಲೆ ದೂರದಿಂದಲೇ ಸರಿಮಾಡುವ ಸಾಫ್ಟ್‌ವೇರ್ ಬಂತು. ಅದನ್ನು ಎಲ್ಲರಿಗೂ ಹಾಕಿಕೊಟ್ಟು ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ ಪುಣ್ಯಾತ್ಮನೂ ಅವನೇ. ಕೊನೆಗೆ ಚೈತ್ರಾ ಕೂಡ ಫೋನಿನಲ್ಲಿ ಅಂದುಬಿಟ್ಟಳು: "ಬರೋದೆಂತಕ್ಕೆ ಹೂವಯ್ಯ, ಅಲ್ಲಿಂದ್ಲೇ ಮಾಡ್ಬಿಡಿ."

ಆ ಮಾತು ಅವನಿಗೆ ತುಂಬಾ ನೋವು ಕೊಟ್ಟಿತು. ಸಾಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ತಾನೂ ಒಬ್ಬಳೇ ಇದ್ದ ಚೈತ್ರಾಳ ಮನೆಯಲ್ಲಿ ಕೂತಾಗ ಮಾತ್ರ, ತಾನೂ ಯಾರಿಗೋ ಬೇಕಾದವನು ಅನಿಸುತ್ತಿತ್ತು.

ಸರಿ, ಅವಳ ಕಂಪ್ಯೂಟರನ್ನು ದೂರದಿಂದ ರಿಪೇರಿ ಮಾಡಲಾಗದಂತೆ ಕೆಡಿಸಿಬಿಟ್ಟರಾಯಿತು. ಅವಳ ಅಮ್ಮ ವೆಂಕಮ್ಮ ತೀರಿಕೊಂಡಿದ್ದಳು. ಮದುವೆಗಳಲ್ಲಿ ಆಕೆ ಹೇಳಿದ ಹಸೆ ಹಾಡುಗಳ ವಿಡಿಯೋ ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಇನ್ನೇನೋ ಸರಿಮಾಡುವ ನೆಪದಲ್ಲಿ ಹೂವಯ್ಯ ಅವನ್ನು ಆಗಲೇ ತನ್ನಲ್ಲಿಗೆ ಇಳಿಸಿಕೊಂಡಿದ್ದ. ಇನ್ನು ಅಲ್ಲಿಂದ ಅಳಿಸಿ, ಕಂಪ್ಯೂಟರ್ ಮತ್ತೆ ಏಳದಂತೆ ಮಾಡುವುದೊಂದೇ ಬಾಕಿ. ಅವಳು ಅಳುತ್ತಾ ಕರೆಯುತ್ತಾಳೆ. ಇವನು ಹೋಗಿ ದಿನಗಟ್ಟಲೆ ಕೂತು ಹುಡುಕಿದಂತೆ ಮಾಡಿ, ಹಾಡುಗಳನ್ನು ಅವಳ ಕೈಗಿಡುತ್ತಾನೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು?

ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಗಿರಾಕಿಗಳಿಗೆ ಪಾಠ ಮಾಡುವವನೇ ಅವನು. ಅವಳ ಪಾಸ್‌ವರ್ಡ್ ಇಟ್ಟವನೂ ಅವನೇ. ನಂಬಿಕೆಯಿಂದ ಅವಳು ಅದನ್ನು ಬದಲಿಸಿರಲಿಲ್ಲ.

ಭಾನುವಾರ ಅವಳ ತಮ್ಮನ ಮಗಳ ಮದುವೆ, ಹೊಸನಗರದಲ್ಲಿ. ಇವನಿಗೆ ಕರೆಯೋಲೆ ಬಂದಿರಲಿಲ್ಲ. ಬೆಳಗಿನ ಹೊತ್ತು ಸಾಗರದ ಮನೆಗೆ ಬೀಗ, ಒಳಗೆ ಇವನೇ ಹೇಳಿಕೊಟ್ಟಂತೆ ಸದಾ ಆನ್ ಇರುವ ಕಂಪ್ಯೂಟರ್. ಹೂವಯ್ಯ ಬಾಗಿಲು ಹಾಕಿಕೊಂಡು ಕೂತ. ಒಂದೇ ಸಲಕ್ಕೆ ಕನೆಕ್ಟ್ ಆಯಿತು. ಒಂದೊಂದೇ ಹಾಡು ಆರಿಸಿ ಅಳಿಸತೊಡಗಿದ. ವೆಂಕಮ್ಮನ ಮುಖ ಕಂಡಾಗ ಸ್ವಲ್ಪ ಕೈ ತಡೆಯಿತು, ಅಷ್ಟೇ. ಮುಂದಿನ ವಾರ ಹಾಕಿಕೊಂಡು ಹೋಗುವ ಅಂಗಿ ಯಾವುದೆಂದು ಯೋಚಿಸುತ್ತಿದ್ದ.

ಅಷ್ಟರಲ್ಲಿ ಚೈತ್ರಾಳ ಫೋನು ಬಂತು. ಮದುವೆಮನೆಯ ನಡುವೆಯೂ ತನ್ನ ನೆನಪಾಯಿತಲ್ಲ ಎಂದು ಅವನಿಗೆ ಖುಷಿಯೇ ಆಯಿತು. ಆ ಕಡೆ ವಾಲಗವಿಲ್ಲ, ಗಲಾಟೆಯಿಲ್ಲ. ಅವಳು ಮೆಲ್ಲಗೆ ಹೇಳಿದಳು: "ಅಮ್ಮನ ಹಾಡಿಲ್ದೇ ಹುಡುಗೀನ ಹಸೆಗೆ ಕೂರ್ಸೋದು ಹ್ಯಾಗೆ ಅಂತ ಕಂಪ್ಯೂಟರನ್ನೇ ಮಂಟಪಕ್ಕೆ ಹೊತ್ಕಂಡ್ ಬಂದಿದ್ದೆ. ದೂರದ ನೆಂಟ್ರಿಗೆ ಲೈವ್ ಕಾಣ್ಲಿ ಅಂತ ಅದನ್ನ ನೆಟ್‌ಗೂ ಹಾಕಿದಾರೆ. ಈಗ ದೊಡ್ಡ ಪರದೆ ಮೇಲೆ ಅಮ್ಮನ ಹಾಡು ಒಂದೊಂದೇ ಅಳ್ಸಿ ಹೋಗ್ತಾ ಇದೆ. ಮೂಲೇಲಿ ನಿಮ್ಮ ಹೆಸ್ರು ಕಾಣ್ತಾ ಇದೆ ಹೂವಯ್ಯ. ಜನ ಎಲ್ಲ ನೋಡ್ತಾ ಕೂತಿದಾರೆ."