ಹುಳು ನುಂಗಿದ ನೂಲು

"ಈ ಬೋಗುಣಿಗೆ ಉಪ್ಪು ಸೋಕಬಾರದು. ಇದರಲ್ಲಿರೋ ಬಸವನಹುಳುಗಳನ್ನ ಯಾರೂ ಎತ್ತಬಾರದು. ಕೇಳಿಸ್ತಾ ಅಳಿಯಪ್ಪ?" ಎಂದಳು ಇಯಾ ಎಫುನ್.

ಕೋಲಾಪೊ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಕ್ಕ. "ಕೇಳಿಸ್ತು ಇಯಾ. ಲಾಗೋಸಿನಲ್ಲಿ ನನ್ನ ಅಂಗಡೀಲಿ ಇವನ್ನ ದಿನಾ ಬಾಣಲೆಗೆ ಹಾಕ್ತೀನಿ. ಇದುವರೆಗೂ ಒಂದೂ ಎದ್ದು ಬಂದು ಜಗಳ ಆಡಿಲ್ಲ."

"ಅವೇನು ಜಗಳ ಆಡ್ತವೆ, ಅವಕ್ಕೆ ಗಂಟಲೆಲ್ಲಿದೆ," ಎಂದು ಮುದುಕಿ ತನ್ನ ಕೆಲಸಕ್ಕೆ ತಿರುಗಿದಳು.

ಇಫೆ ಊರಿನ ಹಳೇ ಕೇರಿಯಲ್ಲಿ ಒಬಟಾಲನ ಗುಡಿ ನೋಡಿಕೊಳ್ಳುವವಳು ಅವಳು. ಬಸಿರೊಳಗೆ ಮಗುವಿನ ಮೂಗು, ಕೈ, ಕಾಲು ತಿದ್ದುವ ಬಿಳಿ ದೇವರು ಅದು. ಅವನಿಗೆ ಬಿಳಿ ಬಟ್ಟೆ, ಬಿಳಿ ಮಣ್ಣು, ಬಸವನಹುಳುವಿನ ತಣ್ಣನೆ ನೀರು. ಉಪ್ಪು ಮಾತ್ರ ಆಗದು. ಕೋಲಾಪೊನ ಹೆಂಡತಿ ಅಸಾಬಿಗೆ ಎರಡು ಬಸಿರು ಜಾರಿಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿ ತುಂಬಿಕೊಂಡಿತ್ತು. ತವರಿಗೆ ಬಂದವಳು ಗುಡಿಗೆ ಹೋಗಲೇಬೇಕೆಂದು ಹಟ ಹಿಡಿದಳು. ಕಾರು ಓಡಿಸಲು ಗಂಡ ಬಂದ, ಅಷ್ಟೇ. ಅವನಿಗೆ ಪಾದ್ರಿಯ ಮೇಲೂ ನಂಬಿಕೆ ಇಲ್ಲ, ಮುದುಕಿಯ ಮೇಲೂ ಇಲ್ಲ. ಹಿರಿಯಳ ಮುಂದೆ ನೆಲಕ್ಕೆ ಎದೆ ತಾಗಿಸಿ ಉದ್ದಕ್ಕೆ ಬೀಳಬೇಕಾದವನು, ಪ್ಯಾಂಟು ಕೊಳೆಯಾದೀತೆಂದು ಬೆರಳ ತುದಿ ನೆಲಕ್ಕೆ ತಾಗಿಸಿ ಎದ್ದಿದ್ದ.

ಗುಡಿಯೊಳಗೆ ಹಸಿ ಸುಣ್ಣದ ವಾಸನೆ, ಹುಳಿತ ನೀರಿನ ವಾಸನೆ. ಇಯಾ ಎಫುನ್ ಒಂದು ಬಸವನಹುಳುವಿನ ಚಿಪ್ಪಿನ ತುದಿ ಮುರಿದಳು. ಅಸಾಬಿಯ ನಡುನೆತ್ತಿಗೆ ಬೂದು ನೀರು ತೊಟ್ಟಿಕ್ಕಿ, ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯಿತು. ಬಳಿಕ ಬಿಳಿ ನೂಲಿನಿಂದ ಅವಳ ಹೊಟ್ಟೆಯ ಸುತ್ತಳತೆ ತೆಗೆದು, ಆ ನೂಲಿನ ತುದಿಯನ್ನು ಇನ್ನೊಂದು ದಪ್ಪ ಹುಳುವಿನ ಬಾಯಿಗಿಟ್ಟಳು. ಹುಳು ಮೆಲ್ಲಗೆ, ಅವಸರವಿಲ್ಲದೆ, ಇಡೀ ನೂಲನ್ನು ಒಳಗೆ ಎಳೆದುಕೊಂಡಿತು. ಕೋಲಾಪೊ ಮುಖ ತಿರುಗಿಸಿದ. ಮಾರುವವನು ನಿಜ, ಆದರೆ ಬೇಯಿಸದ ಹುಳುವಿನ ಬಾಯಿಯನ್ನು ಅಷ್ಟು ಹತ್ತಿರದಿಂದ ನೋಡಿದವನಲ್ಲ.

"ಮಗೂನ ಇದು ಹಿಡ್ಕೊಂಡಿರುತ್ತೆ," ಎಂದಳು ಮುದುಕಿ. "ಇದು ಬದುಕಿರೋ ತನಕ ನಾನು ಸೊಪ್ಪು ಹಾಕಿ ಸಾಕ್ತೀನಿ. ನಿಮ್ಮ ಮನೇಲಿ ಹೆರಿಗೆ ಆಗೋವರೆಗೂ ಉಪ್ಪಿಲ್ಲ, ಹುಳದ ಪಲ್ಯ ಇಲ್ಲ."

ಅಲ್ಲಿಂದಲೇ ಅವನ ಗ್ರಹಚಾರ ಶುರುವಾಯಿತು ಎನ್ನಬೇಕು. ದೇವರ ಸಿಟ್ಟಿನಿಂದಲ್ಲ, ನಾಲಿಗೆಯಿಂದ. ಅತ್ತೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನೇ ನೆರೆಮನೆಗೆ ಸಾಗಿಸಿದರು. ಬೆಳಗ್ಗೆ ಸಪ್ಪೆ ಗಂಜಿ. ಮಧ್ಯಾಹ್ನ ಕುಟ್ಟಿದ ಗೆಣಸಿನ ಮುದ್ದೆ, ಅದಕ್ಕೆ ಸಪ್ಪೆ ಸಾರು.

"ಇದನ್ನ ಮುದ್ದೆ ಅಂತೀಯೋ, ಗೋಡೆಗೆ ಮೆತ್ತೋ ಗಾರೆ ಅಂತೀಯೋ?" ಎಂದ.

"ಗಂಡಸರು ಹೊರಬೇಕಾಗಿರೋದು ಇಷ್ಟೇ ರೀ," ಎಂದಳು ಅಸಾಬಿ, ಹೊಟ್ಟೆ ಸವರಿಕೊಳ್ಳುತ್ತ. "ಉಳಿದಿದ್ದನ್ನ ನಾನು ಹೊತ್ತಿದೀನಿ. ಬಾಯಿ ಮುಚ್ಕೊಂಡು ನುಂಗಿ."

ವಾರ ಕಳೆಯುವುದರೊಳಗೆ ಅವನ ಕನಸಿನಲ್ಲೂ ಮೆಣಸಿನಕಾಯಿ ಹಾಕಿ ಹುರಿದ ಹುಳು ಬರತೊಡಗಿತು. ಗುಡಿಯ ಹೆಂಗಸರೆಲ್ಲ ಬಿಳಿ ಸೀರೆಯಂಥ ಬಟ್ಟೆ ಸುತ್ತಿಕೊಂಡು ಹೊಳೆಗೆ ನೀರಿಗೆ ಹೋದ ಒಂದು ಮಧ್ಯಾಹ್ನ, ಅವನು ಚೀಲ ಹಿಡಿದು ಗುಡಿಯೊಳಗೆ ನುಗ್ಗಿದ. ಬೋಗುಣಿಯ ಮೇಲಿನ ಬಟ್ಟೆ ಸರಿಸಿದ. ಒಂದರ ಮೇಲೊಂದು ಹತ್ತಿಕೊಂಡು, ಒಂದರ ಲೋಳೆಯಲ್ಲಿ ಇನ್ನೊಂದು ಜಾರುತ್ತ, ಅಂಗೈ ಮೀರಿದ ಹುಳುಗಳು. ಯಾರ್‍ಯಾರದೋ ಹರಕೆ. ತನ್ನ ಹೆಂಡತಿಯದನ್ನು ಮುಟ್ಟುವಷ್ಟು ಕೇಡಿಗ ಅವನಲ್ಲ. ಹುಳು ಗುರುತಿಸುವುದು ನನಗೆ ಹೇಳಿಕೊಡಬೇಕೇ ಎಂದುಕೊಂಡು, ಚಿಪ್ಪಿನ ಮೇಲೆ ಕಂದು ಪಟ್ಟೆಯಿದ್ದ ಒಂದನ್ನು ಜೋಪಾನವಾಗಿ ಪಕ್ಕಕ್ಕಿಟ್ಟ. ಉಳಿದವುಗಳಲ್ಲಿ ಕೊಬ್ಬಿದ್ದನ್ನೆಲ್ಲ ಚೀಲಕ್ಕೆ ತುಂಬಿದ.

ಅತ್ತೆ ಸಂತೆಗೆ ಹೋಗಿದ್ದಳು. ಅಸಾಬಿ ಒಳಗೆ ಮಲಗಿದ್ದಳು. ಹಿತ್ತಿಲ ಅಡುಗೆಕೋಣೆಗೆ ಕಿಟಕಿಯಿಲ್ಲ. ಹಾಡಹಗಲಲ್ಲೂ ಅದರೊಳಗೆ ಮಸಿಗತ್ತಲೆ. ಚಿಪ್ಪು ಒಡೆದು ಮಾಂಸ ಕಿತ್ತ. ನೆರೆಮನೆಯಿಂದ ಕಡ ತಂದ ಉಪ್ಪನ್ನು ಬೊಗಸೆಯಲ್ಲಿ ಸುರಿದು, ನಿಂಬೆ ಹಿಂಡಿ ಉಜ್ಜಿದ. ಲೋಳೆ ಬಂತು. ಬರಲೇಬೇಕು, ಅವನಿಗೆ ಅದು ಹೊಸದಲ್ಲ. ತೊಳೆದ. ಮತ್ತೆ ಬಂತು. ನೊರೆನೊರೆಯಾಗಿ, ಹಸಿರು ಮಿಶ್ರಿತ ಬೂದು ಬಣ್ಣದಲ್ಲಿ, ಮೊಣಕೈವರೆಗೂ ಹತ್ತಿತು. ಬೆರಳ ಸಂದಿಯಲ್ಲಿ ಎಳೆ ಎಳೆಯಾಗಿ ಜೋತುಬಿತ್ತು. ತೊಳೆದ ನೀರು ಮೋರಿಗೆ ಇಳಿಯದೆ ನೆಲದ ಮೇಲೆ ಗಡ್ಡೆಕಟ್ಟಿ ನಡುಗುತ್ತಿತ್ತು. ವಾಸನೆಯೂ ಹುಳುವಿನದಲ್ಲ. ಹೆರಿಗೆಕೋಣೆಯ ವಾಸನೆ. ಹಸಿನೆತ್ತರು, ಹಳಸಿದ ಹಾಲು.

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಇವನು ತಾಳೆ ಎಣ್ಣೆ ಕಾಯಿಸಿದ.

ಮೊದಲ ತುತ್ತು ಸ್ವರ್ಗ. ಎರಡನೆಯದೂ. ಇನ್ನೊಂದನ್ನು ಅಗಿಯುವಾಗ ದವಡೆ ಹಲ್ಲಿನ ಸಂದಿಗೆ ಏನೋ ಸಿಕ್ಕಿಕೊಂಡಿತು. ನಾರು ಎಂದುಕೊಂಡು ಉಗುರಿನಿಂದ ಎಳೆದ. ಬಿಳಿ ನೂಲು.

ಎಳೆದ. ಮತ್ತಷ್ಟು ಬಂತು. ಎಣ್ಣೆ ಹತ್ತಿದ್ದು ಮೊದಲ ಗೇಣು ಮಾತ್ರ. ಆಮೇಲೆ ಬಂದದ್ದಕ್ಕೆಲ್ಲ ಬೆಚ್ಚನೆ ಲೋಳೆ. ಗಂಟಲೊಳಗೆ ಯಾರೋ ಕೂತು ನೂಲು ಬಿಚ್ಚುತ್ತಿರುವ ಹಾಗೆ, ನಾಲಿಗೆಯ ಬುಡ ಸವರಿಕೊಂಡು, ಕಚಗುಳಿಯಿಡುತ್ತ ಹೊರಬಂತು. ಅವನು ಓಕರಿಸುತ್ತ ಎಳೆದೇ ಎಳೆದ. ಎದೆಯ ಮೇಲೆ ನೂಲಿನ ಒದ್ದೆ ಸಿಂಬಿ ಬಿತ್ತು.

ಒಳಗಿನಿಂದ ಅಸಾಬಿ ಚೀರಿದಳು.

ಅವನು ಎಳೆಯುವುದನ್ನು ನಿಲ್ಲಿಸಿದ. ಚೀರು ನಿಂತಿತು. ಹೆದರುತ್ತ ಒಂದೇ ಬೆರಳಷ್ಟು ಎಳೆದ.

"ಅವ್ವಾ, ಕೆಳಗೆ ಜಾರ್ತಿದೆ," ಎಂದು ಅಸಾಬಿ ನರಳಿದಳು. "ರೀ, ಎಲ್ಲಿದೀರಿ, ಮಗು ಜಾರ್ತಿದೆ."

ಅಸಾಬಿಯ ನೂಲು ನುಂಗಿದ್ದು ಪಟ್ಟೆಯಿದ್ದ ಹುಳುವಲ್ಲ. ಗುರುತು ತಪ್ಪಿತ್ತು.

ನೂಲಿನ ಸಿಂಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಬಾಯಿ ತೆರೆದುಕೊಂಡೇ ಕೇರಿಯುದ್ದಕ್ಕೂ ಓಡಿದ. ಬಾಯಿಂದ ಲೋಳೆ ಸುರಿಯುತ್ತಿತ್ತು. ಜಗಲಿಯಲ್ಲಿ ಕೂತವರು ಮುಖ ತಿರುಗಿಸಿದರು. ಗುಡಿಯ ಅಂಗಳದಲ್ಲಿ ಇಯಾ ಎಫುನ್ ಆಗತಾನೇ ಕೊಡ ಇಳಿಸಿದ್ದಳು. ಈ ಸಲ ಅವನು ಕೆಸರನ್ನೂ ನೋಡದೆ ಎದೆ ಊರಿ ಉದ್ದಕ್ಕೆ ಬಿದ್ದ.

ಮುದುಕಿ ಬಗ್ಗಿ ಅವನ ಬಾಯಿ ಮೂಸಿದಳು. "ಉಪ್ಪು," ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸತ್ತ ಇಲಿಯನ್ನು ಕಂಡವರ ಹಾಗೆ ಮೂಗು ಸುಕ್ಕಾಗಿತ್ತು. "ದೇವರಿಗಿಟ್ಟಿದ್ದನ್ನ ತಿಂದೋರನ್ನ ನೋಡಿದೀನಿ. ಹುಟ್ಟದೇ ಇರೋ ತನ್ನ ಮಗೂನ ಒಗ್ಗರಣೆ ಹಾಕಿದೋನನ್ನ ನೋಡಿರಲಿಲ್ಲ."

"ಕಟ್... ಕಟ್ ಮಾಡಿ," ಎಂದು ಅವನು ನಾಲಿಗೆ ತೊದಲಿಸುತ್ತ ಕತ್ತರಿಯ ಸನ್ನೆ ಮಾಡಿದ.

"ಕತ್ತರಿಸಿದ್ರೆ ಅಲ್ಲಿ ಅವಳು ಕಳ್ಕೋತಾಳೆ. ಎಳೆದ್ರೂ ಅಷ್ಟೇ." ಮುದುಕಿ ಒಂದು ಸೋರೆಬುರುಡೆ ತಂದಳು. ಅದರಲ್ಲಿ ಬಸವನಹುಳುವಿನ ನೀರು, ಬೂದು, ಗಟ್ಟಿ. "ಇಡೀ ನೂಲನ್ನ ವಾಪಸ್ ನುಂಗು. ಇದನ್ನ ಕುಡೀತಾ ನುಂಗು. ವಾಂತಿ ಮಾಡಿದ್ಯೋ, ಮಗೂನೇ ವಾಂತಿ ಮಾಡ್ದಂಗೆ."

ನುಂಗಿದ. ನೂಲು ಗಂಟಲಿಗೆ ಅಂಟಿತು. ನೀರು ಕುಡಿದ. ಮೂಗಿನಿಂದ ಹೊರಬಂತು. ಅದನ್ನೂ ನೆಕ್ಕಿದ. ದೂರದಲ್ಲಿ ಅಸಾಬಿಯ ಕೂಗು. ಮತ್ತೆ ನುಂಗಿದ. ಹೊಟ್ಟೆ ಮೇಲಕ್ಕೆದ್ದಿತು. ಹಲ್ಲು ಕಚ್ಚಿದ. ಬಂದದ್ದು ಬಾಯಿ ತುಂಬ ನಿಂತಿತು. ಬೆಚ್ಚಗಿತ್ತು. ಅಲುಗಿತು. ಕಣ್ಣು ಮುಚ್ಚಿ ಒಳಗೆ ತಳ್ಳಿದ. ನೂಲು ಇನ್ನೂ ಇತ್ತು. ಕೆಸರು ಹತ್ತಿತ್ತು. ಒಂದು ಇರುವೆ ಹತ್ತಿತ್ತು. ನುಂಗಿದ. ನುಂಗಿದ. ತುದಿ ಕಾಣಿಸಿತು. ತುದಿ ನುಂಗಿದ.

ಕೂಗು ನಿಂತಿತು. ಕೇರಿಯ ತುದಿಯಿಂದ ಒಬ್ಬ ಹೆಂಗಸು ಓಡಿಬಂದು, "ನೋವು ಇಳೀತಂತೆ, ಮಗು ಒದೀತಿದೆಯಂತೆ," ಎಂದಳು.

ಕೋಲಾಪೊ ಕೆಸರಲ್ಲೇ ಕೂತು ಅತ್ತ. ಎಷ್ಟೋ ಹೊತ್ತಿನ ಮೇಲೆ ಕೇಳಿದ. "ಇದನ್ನ ಎಲ್ಲಿತನಕ ಹಿಡ್ಕೋಬೇಕು ಇಯಾ?"

"ಹುಳ ಆಗಿದ್ರೆ ಸಾಯೋ ತನಕ ಹಿಡ್ಕೋತಿತ್ತು. ಅದನ್ನ ನೀನು ತಿಂದೆ. ಈಗ ಹುಳ ನೀನೇ." ಮುದುಕಿ ಕೊಡ ಎತ್ತಿಕೊಂಡಳು. "ಉಪ್ಪು ಮುಟ್ಟಬೇಡ. ಸೊಪ್ಪು ತಿನ್ನು."

ಹೆಣ್ಣು ಹುಟ್ಟಿತು. ಮತ್ತೆ ಹೋಗಬೇಡ ಎಂಬ ಅರ್ಥಕ್ಕೆ ಮಲೋಮೊ ಎಂದು ಹೆಸರಿಟ್ಟರು. ದುಂಡನೆಯ ಕೂಸು, ಒಂದು ಊನವಿಲ್ಲ. ಅಪ್ಪ ಲಾಗೋಸಿನ ಅಂಗಡಿಯನ್ನು ಯಾರಿಗೋ ಬಿಟ್ಟುಕೊಟ್ಟು ಅತ್ತೆಮನೆಯಲ್ಲೇ ಉಳಿದ. ಸಪ್ಪೆ ಸೊಪ್ಪು ತಿನ್ನುತ್ತಾನೆ. ಬೆಳಗಾದರೆ ದಿಂಬಿನ ಮೇಲೆ ಒಣಗಿದ ಬೆಳ್ಳಿಗೆರೆ. ಅಸಾಬಿ ಮೂಗು ಮುಚ್ಚಿಕೊಂಡು ಅದನ್ನು ಒಗೆಯುತ್ತಾಳೆ, ಅವನ ಪಕ್ಕ ಮಲಗುವುದಿಲ್ಲ. ಕೂಸು ಅತ್ತರೆ ಅವನ ಗಂಟಲಲ್ಲಿ ಸಣ್ಣಗೆ ಜಗ್ಗುತ್ತದೆ. ಮೊದಮೊದಲು ಅಷ್ಟೇ ಇತ್ತು. ಅಂಬೆಗಾಲಿಡಲು ಶುರುವಾದ ಮೇಲೆ, ಅವಳು ಹೊಸ್ತಿಲು ದಾಟಿದರೆ ಇವನ ನಾಲಿಗೆ ಹಿಂದಕ್ಕೆ ಸರಿದು ಉಸಿರು ಕಟ್ಟುತ್ತದೆ. ಮಾಡುತ್ತಿದ್ದ ಕೆಲಸ ಬಿಟ್ಟು, ಕೈಯಿಂದ ಬಾಯಿ ಮುಚ್ಚಿಕೊಂಡು, ಅವಳ ಹಿಂದೆ ಮಂಡಿಯೂರಿ ತೆವಳುತ್ತಾನೆ. ನೆಲದ ಮೇಲೆ ಒದ್ದೆ ಗೆರೆ ಉಳಿಯುತ್ತದೆ.

"ಅಪ್ಪನಿಗೆ ಮಗಳ ಮೇಲೆ ಎಷ್ಟು ಪ್ರೀತಿ ನೋಡಿ, ಒಂದು ಗಳಿಗೆ ಬಿಟ್ಟಿರಲ್ಲ," ಎಂದು ನೆರೆಯವರು ನಗುತ್ತಾರೆ.

ಮೊನ್ನೆ ಮಲೋಮೊ ಗೋಡೆ ಹಿಡಿದು ಎದ್ದು ನಿಂತಳು. ಕೈ ಬಿಟ್ಟಳು. ಅಸಾಬಿ ಚಪ್ಪಾಳೆ ತಟ್ಟಿದಳು. ಕೂಸು ಅಪ್ಪನ ಕಡೆಗೊಮ್ಮೆ ತಿರುಗಿ, ಹಲ್ಲಿಲ್ಲದ ಬಾಯಗಲಿಸಿ ನಕ್ಕು, ತೆರೆದ ಬಾಗಿಲ ಕಡೆಗೆ ಓಡಿತು.